ಆಫ್ರಿಕಾದ ಮಕ್ಕಳ ಕಥೆ ಓದಿ ಅತ್ತ ಮೇಲೆ

ಹೆಸರು ರೋಕಿಯಾ. ವಯಸ್ಸು ಏಳು. ದೇಶ ಆಫ್ರಿಕಾದ ಮಾಲಿ. ಕಡುಬಡವಳು, ಹೊಟ್ಟೆಗಿಲ್ಲದೆ ಸತ್ತೇ ಹೋಗಬಹುದು. ನೀವು ನಾಲ್ಕು ಕಾಸು ಕೊಟ್ಟರೆ ಅವಳ ಬದುಕು ಸುಧಾರಿಸೀತು.

ಹೆಚ್ಚುಕಡಿಮೆ ಇಷ್ಟೇ ಇದ್ದ ಒಂದು ಬರಹ, ಜೊತೆಗೊಂದು ಫೋಟೊ. ಅಮೆರಿಕದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೊವಿಕ್ ಎಂಬ ಸಂಶೋಧಕರು ಇದನ್ನು ಕೆಲವರ ಕೈಗೆ ಕೊಟ್ಟರು. ಅವರಿಗೆಲ್ಲ ಅದಕ್ಕೂ ಮೊದಲು ಒಂದು ಪ್ರಶ್ನಾವಳಿ ತುಂಬಿದ್ದಕ್ಕೆ ತಲಾ ಐದು ಡಾಲರ್ ಸಿಕ್ಕಿತ್ತು. ಅದರಲ್ಲಿ ಎಷ್ಟು ದಾನ ಮಾಡುತ್ತೀರಿ ಎಂಬುದು ಪ್ರಶ್ನೆ. ಇನ್ನೊಂದು ಗುಂಪಿಗೆ ರೋಕಿಯಾ ಇಲ್ಲ, ಬರೀ ಅಂಕಿಗಳು. ಮಲಾವಿಯಲ್ಲಿ 30 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಆಹಾರದ ಕೊರತೆ, ಇಥಿಯೋಪಿಯಾದಲ್ಲಿ 1.1 ಕೋಟಿ ಜನರಿಗೆ ತಕ್ಷಣ ಊಟ ಬೇಕು, ಹೀಗೆ. ಮೂರನೆಯ ಗುಂಪಿಗೆ ಹುಡುಗಿಯೂ ಇದ್ದಳು, ಅಂಕಿಗಳೂ ಇದ್ದವು.

2007ರಲ್ಲಿ ಫಲಿತಾಂಶ ಪ್ರಕಟವಾಯಿತು. ರೋಕಿಯಾ ಬಗ್ಗೆ ಮಾತ್ರ ಓದಿದವರು ಸರಾಸರಿ 2.38 ಡಾಲರ್ ಕೊಟ್ಟಿದ್ದರು. ಅಂಕಿ ಓದಿದವರು 1.14. ಎರಡೂ ಓದಿದವರಿಂದ ಎಲ್ಲಕ್ಕಿಂತ ಜಾಸ್ತಿ ಬರಬೇಕಿತ್ತು, ಅಲ್ವಾ? ಅವರು ಕೊಟ್ಟಿದ್ದು 1.43. ಅಂದರೆ ಲಕ್ಷಾಂತರ ಮಕ್ಕಳ ಲೆಕ್ಕ ಪಕ್ಕದಲ್ಲಿ ಬಂದು ಕೂತ ಕೂಡಲೇ ಒಬ್ಬ ಹುಡುಗಿಯ ಮೇಲಿದ್ದ ಮರುಕವೂ ಇಳಿದುಹೋಯಿತು.

ಕಥೆ, ಕಾದಂಬರಿಗಳ ಪರವಾಗಿ ಮಾತಾಡುವವರು ಈ ಪ್ರಯೋಗವನ್ನು ಖುಷಿಯಿಂದ ಎತ್ತಿ ತೋರಿಸುತ್ತಾರೆ. ನೋಡಿ, ವರದಿಗಳು ಮಾಡಲಾಗದ ಕೆಲಸವನ್ನು ಒಂದು ಮಗುವಿನ ಕಥೆ ಮಾಡುತ್ತದೆ ಎನ್ನುತ್ತಾರೆ. ನನಗೆ ಇದರಲ್ಲಿ ಒಂದು ಅನುಮಾನ ಇದೆ. ರೋಕಿಯಾಗೆ ಹಸಿವು ಬಿಟ್ಟರೆ ಬೇರೇನೂ ಇಲ್ಲ. ಅವಳಿಗೆ ಯಾರ ಮೇಲೆ ಸಿಟ್ಟು, ಯಾವ ಆಟ ಇಷ್ಟ, ತಮ್ಮನ ಜೊತೆ ಜಗಳ ಆಡಿದಾಗ ಏನಂತ ಬೈಯುತ್ತಾಳೆ, ಒಂದೂ ನಮಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ದುಡ್ಡು ಬಂತು. ಬಹುಶಃ ಗೊತ್ತಿಲ್ಲದ್ದರಿಂದಲೇ ಬಂತು. ಒಳ್ಳೆಯ ಕಥೆಯೊಂದು ಈ ಬಾಕಿ ವಿವರಗಳನ್ನೆಲ್ಲ ಹೇಳುತ್ತದೆ. ಹೇಳಿದ ಮೇಲೆ ನಮ್ಮೊಳಗೆ ಏಳುವ ಭಾವನೆ ರೋಕಿಯಾ ಎಬ್ಬಿಸಿದ್ದಕ್ಕಿಂತ ಬೇರೆ ಥರದ್ದು. ಅಷ್ಟು ಸುಖದ್ದೂ ಅಲ್ಲ.

ಮಗುವಿಗೆ ಗೊತ್ತಿಲ್ಲ, ನಮಗೆ ಗೊತ್ತು

ಉವೆಮ್ ಅಕ್ಪಾನ್ ನೈಜೀರಿಯಾದವರು. 'ಸೇ ಯು ಆರ್ ಒನ್ ಆಫ್ ದೆಮ್' ಎಂಬ ಅವರ ಕಥಾಸಂಕಲನ 2008ರಲ್ಲಿ ಬಂದಾಗ ಅವರು ಜೆಸ್ವಿಟ್ ಪಾದ್ರಿ. ಒಟ್ಟು ಐದು ಕಥೆಗಳು. ಕೀನ್ಯಾ, ಬೆನಿನ್, ಇಥಿಯೋಪಿಯಾ, ನೈಜೀರಿಯಾ, ರುವಾಂಡಾ. ಐದರಲ್ಲೂ ನಡುವೆ ನಿಂತಿರುವುದು ಮಕ್ಕಳು. 2009ರಲ್ಲಿ ಓಪ್ರಾ ವಿನ್‌ಫ್ರೀ ತಮ್ಮ ಪುಸ್ತಕ ಕ್ಲಬ್ಬಿಗೆ ಇದನ್ನು ಆರಿಸಿದರು. ಸಣ್ಣಕಥೆಗಳ ಪುಸ್ತಕಕ್ಕೆ ಸಾಮಾನ್ಯವಾಗಿ ಸಿಗದಷ್ಟು ಓದುಗರು ಸಿಕ್ಕರು.

ಬೆನಿನ್‌ನ ಕಥೆಯನ್ನೇ ನೋಡೋಣ. ಹತ್ತು ವರ್ಷದ ಕೊಚಿಕ್ಪಾ, ಐದು ವರ್ಷದ ಅವನ ತಂಗಿ ಯೇವಾ. ಅಪ್ಪ ಅಮ್ಮ ಏಡ್ಸ್ ಹಿಡಿದು ಹಳ್ಳಿಯಲ್ಲಿ ಮಲಗಿದ್ದಾರೆ. ಮಕ್ಕಳು ನೈಜೀರಿಯಾ ಗಡಿಯ ಹತ್ತಿರ ಚಿಕ್ಕಪ್ಪನ ಮನೆಯಲ್ಲಿ ಇದ್ದಾರೆ. ಒಂದು ದಿನ ಚಿಕ್ಕಪ್ಪ ಹೊಸ ಮೋಟಾರ್ ಸೈಕಲ್ ತರುತ್ತಾನೆ. ಮನೆಗೆ ಒಳ್ಳೆಯ ಊಟ ಬರುತ್ತದೆ, ಹೊಸ ಬಟ್ಟೆ ಬರುತ್ತದೆ. ಗಾಬೊನ್ ದೇಶದಲ್ಲಿ ದೊಡ್ಡ ಮನಸ್ಸಿನ ಧರ್ಮದ ಅಪ್ಪ ಅಮ್ಮ ಕಾಯುತ್ತಿದ್ದಾರಂತೆ. ಮಕ್ಕಳಿಗೆ ಖುಷಿಯೋ ಖುಷಿ. ಚಿಕ್ಕಪ್ಪ ಇವರನ್ನು ಮಾರಿದ್ದಾನೆ ಎಂದು ಓದುಗರಿಗೆ ಮೊದಲ ವಾಕ್ಯದಲ್ಲೇ ಗೊತ್ತಾಗಿರುತ್ತದೆ. ಕಥೆ ಹೇಳುತ್ತಿರುವವನು ದೊಡ್ಡವನಾದ ಕೊಚಿಕ್ಪಾ. ಆದರೆ ಆಗಿನ ಕೊಚಿಕ್ಪಾಗೆ ತಟ್ಟೆಯಲ್ಲಿದ್ದ ಊಟ ಮಾತ್ರ ಕಂಡಿತ್ತು.

ಪುಸ್ತಕ ಹಿಡಿದ ಕೈ ಬೆವರುವುದು ಇಲ್ಲಿಯೇ. ಮಗು ನಗುತ್ತಿರುತ್ತದೆ, ನಮ್ಮ ಹೊಟ್ಟೆಯಲ್ಲಿ ಸಂಕಟ. ಪ್ರತಿ ತುತ್ತಿಗೂ 'ತಿನ್ನಬೇಡ್ವೋ' ಎಂದು ಕೂಗಬೇಕು ಅನ್ನಿಸುತ್ತದೆ. ಹೊಡೆತ, ರಕ್ತ, ಅಳು ಇವೆಲ್ಲ ಬರುವುದು ಬಹಳ ಆಮೇಲೆ. ಅಷ್ಟರಲ್ಲಿ ಓದುಗ ಸುಸ್ತಾಗಿರುತ್ತಾನೆ. ಇನ್ನೂ ಕೆಟ್ಟದ್ದೆಂದರೆ ಆ ಚಿಕ್ಕಪ್ಪ ರಾಕ್ಷಸನಲ್ಲ. ಮಕ್ಕಳನ್ನು ನಗಿಸುತ್ತಾನೆ, ಪ್ರೀತಿಯೂ ಮಾಡುತ್ತಾನೆ. ಕೊನೆಗೆ ಮನಸ್ಸು ಬದಲಾಯಿಸಿ ಅವರನ್ನು ಉಳಿಸಲು ಹೋಗಿ ತಾನೇ ಸಾಯುತ್ತಾನೆ. ಕೊಚಿಕ್ಪಾ ಕಿಟಕಿಯಿಂದ ಹಾರಿ ತಪ್ಪಿಸಿಕೊಳ್ಳುತ್ತಾನೆ. ತಂಗಿ ಒಳಗೇ ಉಳಿಯುತ್ತಾಳೆ. ಮಕ್ಕಳ ಸಾಗಾಟ ಹೇಗೆ ನಡೆಯುತ್ತದೆ ಎಂದು ಹತ್ತು ವರದಿಗಳು ವಿವರಿಸಬಹುದು. ಅದು ಶುರುವಾಗುವುದು ಅಕ್ಕರೆಯಿಂದ, ಮನೆಯವರಿಂದ, ಹೊಟ್ಟೆ ತುಂಬ ಊಟದಿಂದ ಎಂಬುದು ಮಾತ್ರ ಈ ಕಥೆ ಓದಿದಾಗಲೇ ಮೈಗೆ ಇಳಿಯುತ್ತದೆ.

ನೈರೋಬಿಯ ಕಥೆ ಇನ್ನೂ ಚಿಕ್ಕದು. ಬೀದಿಯಲ್ಲಿ ಬದುಕುವ ಕುಟುಂಬ, ಕ್ರಿಸ್‌ಮಸ್ ಸಮಯ. ಹಸಿವು ಗೊತ್ತಾಗದಿರಲಿ ಎಂದು ತಾಯಿಯೇ ಮಗನಿಗೆ ಮೂಸಲು ಅಂಟು ಕೊಡುತ್ತಾಳೆ. ಹನ್ನೆರಡು ವರ್ಷದ ಅಕ್ಕ ತಮ್ಮನ ಸ್ಕೂಲ್ ಫೀಸಿಗಾಗಿ ಮೈ ಮಾರಿಕೊಳ್ಳುತ್ತಿದ್ದಾಳೆ. ಕಂಕುಳ ಕೂಸು ಭಿಕ್ಷೆಗೆ ಬಂಡವಾಳ. ಆದರೆ ಈ ಮನೆಯಲ್ಲಿ ತಮಾಷೆ ಇದೆ, ಕಿತ್ತಾಟ ಇದೆ, ಗತ್ತೂ ಇದೆ. ತಮ್ಮನಿಗೆ ಎಂಟು ವರ್ಷ. ಅವನೇ ನಮಗೆ ಇದನ್ನೆಲ್ಲ ಹೇಳುವವನು. ತಾನು ಪಾಪದ ಹುಡುಗ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಮಗುವಿನ ಸಂಕಟದ ಕಥೆ ಕನ್ನಡ ಓದುಗರಿಗೆ ಹೊಸದಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಕಾಡಿಗೆ ಹೋದ ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಚಂದ್ರಮತಿಯ ಪ್ರಲಾಪವನ್ನು ಗಮಕಿಗಳು ಹಾಡುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರು ಈಗಲೂ ಇದ್ದಾರೆ. ಆದರೆ ಅಲ್ಲಿ ಅಳುವವಳು ತಾಯಿ. ಮಗು ಮಾತಾಡುವುದಿಲ್ಲ. ತಾಯಿ ನಮ್ಮ ಪರವಾಗಿ ಅತ್ತುಬಿಡುತ್ತಾಳೆ, ನಾವು ಅವಳ ದುಃಖದಲ್ಲಿ ಪಾಲು ಪಡೆಯುತ್ತೇವೆ. ಕಡೆಗೆ ದೇವರು ಬಂದು ಮಗುವನ್ನು ಎಬ್ಬಿಸಿಯೂ ಬಿಡುತ್ತಾನೆ. ಸಭೆ ಮುಗಿಸಿ ಎದ್ದಾಗ ಮನಸ್ಸು ತೊಳೆದ ಹಾಗಿರುತ್ತದೆ. ಅಕ್ಪಾನ್ ಕಥೆಯಲ್ಲಿ ನಮ್ಮ ಪರವಾಗಿ ಅಳಲು ಯಾರೂ ಇಲ್ಲ. ಎಬ್ಬಿಸುವವರಂತೂ ಇಲ್ಲವೇ ಇಲ್ಲ.

ಇದೇ ದಾರಿಯನ್ನು ನೈಜೀರಿಯಾದ ಚಿನುವ ಅಚೆಬೆ 1958ರಲ್ಲೇ ತೋರಿಸಿದ್ದರು. 'ಥಿಂಗ್ಸ್ ಫಾಲ್ ಅಪಾರ್ಟ್' ಕನ್ನಡಕ್ಕೂ ಬಂದಿರುವ ಕಾದಂಬರಿ. ಅದರಲ್ಲಿ ಇಕೆಮೆಫುನ ಎಂಬ ಹುಡುಗನನ್ನು ಕೊಲ್ಲಲು ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಊರಿಗೆ, ಅಮ್ಮನ ಹತ್ತಿರ ಹೋಗುತ್ತಿದ್ದೇನೆ ಎಂದುಕೊಂಡು ಅವನು ನಡೆಯುತ್ತಾನೆ. ಮನಸ್ಸಿನಲ್ಲೇ ಚಿಕ್ಕಂದಿನ ಒಂದು ಹಾಡು ಹೇಳಿಕೊಳ್ಳುತ್ತ ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾನೆ. ಹಾಡು ಬಲಗಾಲಿಗೆ ಮುಗಿದರೆ ಅಮ್ಮ ಬದುಕಿದ್ದಾಳೆ, ಎಡಗಾಲಿಗೆ ಮುಗಿದರೆ ಸತ್ತಿದ್ದಾಳೆ. ಛೆ, ಸತ್ತಿಲ್ಲ, ಹುಷಾರಿಲ್ಲ ಅಷ್ಟೆ. ಇಂಥ ಲೆಕ್ಕಗಳನ್ನು ನಾವೆಲ್ಲ ಮಾಡಿದ್ದೇವೆ. ಮಗುವಿನ ಗಾಯವನ್ನು ವರ್ಣಿಸುವುದಕ್ಕಿಂತ ಈ ಆಟ ನೂರು ಪಟ್ಟು ಜಾಸ್ತಿ ನೋಯಿಸುತ್ತದೆ.

ಅತ್ತರೆ ಏನಾಗುತ್ತದೆ

ಈಗ ಓದುಗನ ಕಡೆಗೆ ಬರೋಣ. ಇಂಥ ಕಥೆ ಓದಿದವರು ಎರಡು ಥರ ಮಾತಾಡುತ್ತಾರೆ. ಒಂದು, 'ನನಗೆ ಮುಂದಕ್ಕೆ ಓದೋಕೇ ಆಗಲಿಲ್ಲ'. ಇನ್ನೊಂದು, 'ಆ ಹುಡುಗ ಆಮೇಲೆ ಏನಾದ?' ಹೊರಗಿನಿಂದ ನೋಡಿದರೆ ಎರಡೂ ಕನಿಕರವೇ. ಒಳಗೆ ಬೇರೆ ಬೇರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ 1980ರ ದಶಕದಲ್ಲಿ ಈ ಎರಡನ್ನು ಬೇರ್ಪಡಿಸಿ ತೋರಿಸಿದರು. ಒಬ್ಬ ಹೆಂಗಸಿಗೆ ವಿದ್ಯುತ್ ಶಾಕ್ ಕೊಡುತ್ತಿರುವುದನ್ನು ಜನರಿಗೆ ತೋರಿಸಿದರು. ನಿಜವಾದ ಶಾಕ್ ಅಲ್ಲ, ಆದರೆ ನೋಡುವವರಿಗೆ ಅದು ಗೊತ್ತಿಲ್ಲ. ನೋಡಿ ತಮಗೇ ಸಂಕಟವಾದವರು ಎದ್ದುಹೋಗಲು ಅವಕಾಶ ಸಿಕ್ಕ ಕೂಡಲೇ ಎದ್ದುಹೋದರು. ಅವಳ ಬಗ್ಗೆ ಕಾಳಜಿ ಮೂಡಿದವರು ಎದ್ದುಹೋಗುವುದು ಸುಲಭವಿದ್ದರೂ 'ಅವಳ ಬದಲು ನಾನು ಕೂರುತ್ತೇನೆ' ಎಂದರು. ಸಂಕಟ ಎಷ್ಟು ಜೋರಾಗಿದೆ ಎನ್ನುವುದು ಇಲ್ಲಿ ಮುಖ್ಯ ಆಗಲಿಲ್ಲ. ಅದು ಯಾರ ಸುತ್ತ ಸುತ್ತುತ್ತಿದೆ ಎನ್ನುವುದೇ ಮುಖ್ಯವಾಯಿತು.

ಪುಸ್ತಕದ ವಿಷಯದಲ್ಲಿ ಎದ್ದುಹೋಗುವುದು ಎಷ್ಟು ಸುಲಭ ನೋಡಿ. ಮುಚ್ಚಿದರಾಯಿತು. ಹಾಗಾಗಿ ಸುಮ್ನೆ ನೋವಿನ ಮೇಲೆ ನೋವು ಪೇರಿಸುವ ಲೇಖಕ ಓದುಗನನ್ನು ಕಳೆದುಕೊಳ್ಳುತ್ತಾನೆ. ಕೆಲವು ಸಲ ಪುಸ್ತಕ ಮುಚ್ಚದೆಯೂ ಕಳೆದುಕೊಳ್ಳುತ್ತಾನೆ. ಕಣ್ಣು ಓದುತ್ತಿರುತ್ತದೆ, ಮನಸ್ಸು ಮರಗಟ್ಟಿರುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಮಾಡಿದ ಅಧ್ಯಯನಗಳಲ್ಲೂ ಇದೇ ಕಂಡಿತು. ಇನ್ನೊಬ್ಬರ ನೋವನ್ನು ತಮ್ಮದೇ ಎಂದು ಅನುಭವಿಸುವ ತರಬೇತಿ ಪಡೆದವರು ಕುಗ್ಗಿಹೋದರು. ನೋವಿರುವವರ ಒಳ್ಳೆಯದನ್ನು ಬಯಸುವ ತರಬೇತಿ ಕೊಟ್ಟ ಮೇಲೆ ಚೇತರಿಸಿಕೊಂಡರು.

ಅಕ್ಪಾನ್ ಪುಸ್ತಕದ ಬಗ್ಗೆ ನನ್ನ ದೂರೂ ಇದೇ. ನೈಜೀರಿಯಾದ ಕಥೆ ಒಂದು ಬಸ್ಸಿನೊಳಗೆ ನಡೆಯುತ್ತದೆ. ಗಲಭೆಯಿಂದ ತಪ್ಪಿಸಿಕೊಂಡು ಹೊರಟ ಹುಡುಗನ ಕಥೆ. ಅದು ಎಳೆದೂ ಎಳೆದೂ ಕೊನೆ ಹೊತ್ತಿಗೆ ನನ್ನ ಮನಸ್ಸು ಒಣಗಿತ್ತು. ಇಥಿಯೋಪಿಯಾದ ಕಥೆ ಪುಸ್ತಕದಲ್ಲೇ ಅತಿ ಚಿಕ್ಕದು. ಒಂದು ಕ್ರೈಸ್ತ ಹುಡುಗಿ, ಒಂದು ಮುಸ್ಲಿಂ ಹುಡುಗಿ, ಇಬ್ಬರಿಗೂ ಆರು ವರ್ಷ, ಜೀವದ ಗೆಳತಿಯರು. ಊರಲ್ಲಿ ಗಲಭೆ ಆದಮೇಲೆ ಮಾತಾಡಬೇಡಿ ಎಂದು ಮನೆಯವರು ಹೇಳುತ್ತಾರೆ. ಎದುರು ಬದುರು ಬಾಲ್ಕನಿಯಲ್ಲಿ ನಿಂತು ಇವರಿಬ್ಬರೂ ಶಬ್ದವಿಲ್ಲದ ಒಂದು ಭಾಷೆ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಯಾವ ಮಗುವೂ ಸಾಯುವುದಿಲ್ಲ. ಆದರೂ ಬಸ್ಸಿನ ಕಥೆಗಿಂತ ಜಾಸ್ತಿ ದಿನ ಉಳಿದದ್ದು ಇದೇ.

ಕಾದಂಬರಿ ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂಬ ಮಾತನ್ನು ಪುಸ್ತಕ ಬಿಡುಗಡೆ ಸಮಾರಂಭಗಳಲ್ಲಿ ಕೇಳುತ್ತಲೇ ಇರುತ್ತೇವೆ. ಇದಕ್ಕೆ ವಿಜ್ಞಾನದ ಆಧಾರ ಇದೆ ಎಂದೂ ಹೇಳುವುದುಂಟು. 2013ರಲ್ಲಿ ಡೇವಿಡ್ ಕಿಡ್ ಮತ್ತು ಇಮಾನ್ಯುಯೆಲ್ ಕಸ್ಟಾನೊ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದ್ದು ನಿಜ. ಗಂಭೀರ ಸಾಹಿತ್ಯದ ಒಂದು ತುಣುಕು ಓದಿದವರು ಬೇರೆಯವರ ಮನಸ್ಸನ್ನು ಸ್ವಲ್ಪ ಚೆನ್ನಾಗಿ ಊಹಿಸುತ್ತಾರೆ ಎಂದು ಅದು ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅದೇ ಫಲ ಸಿಗಲಿಲ್ಲ. 'ಸೈನ್ಸ್' ಮತ್ತು 'ನೇಚರ್'ನಲ್ಲಿ ಬಂದಿದ್ದ 21 ಸಮಾಜವಿಜ್ಞಾನ ಪ್ರಯೋಗಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ಮಾಡಿ 2018ರಲ್ಲಿ ವರದಿ ಕೊಟ್ಟಿತು. 13 ಪ್ರಯೋಗಗಳು ನಿಂತವು. ಕಿಡ್ ಮತ್ತು ಕಸ್ಟಾನೊ ಅವರದ್ದು ನಿಲ್ಲಲಿಲ್ಲ. ಸಮಾರಂಭದ ಭಾಷಣಗಳಿಗೆ ಈ ಎರಡನೆಯ ಸುದ್ದಿ ಇನ್ನೂ ತಲುಪಿಲ್ಲ.

ಒಂದು ಕಥೆ ಓದಿದರೆ ಒಟ್ಟಾರೆ ಒಳ್ಳೆಯತನ ಜಾಸ್ತಿ ಆಗುತ್ತದೆ ಎಂದು ನಾನು ನಂಬುವುದಿಲ್ಲ. ಒಂದು ನಿರ್ದಿಷ್ಟ ವಿಷಯ ಅರ್ಥ ಆಗುತ್ತದೆ, ಅಷ್ಟೆ. ಚಿಕ್ಕಪ್ಪನ ಮೋಟಾರ್ ಸೈಕಲ್ ಅರ್ಥವಾಗುತ್ತದೆ. ಕೆಲಸ ಕೊಡಿಸುತ್ತೇನೆ, ಓದಿಸುತ್ತೇನೆ ಎಂದು ಹಳ್ಳಿಗೆ ಬಂದು ಮಕ್ಕಳನ್ನು ಕರೆದೊಯ್ಯುವವರು ನಮ್ಮಲ್ಲೂ ಇದ್ದಾರಲ್ಲ, ಅವರು ಕಣ್ಣಿಗೆ ಬೀಳುತ್ತಾರೆ. ಇದು ಸಣ್ಣ ಲಾಭ ಎಂದು ನನಗನ್ನಿಸುವುದಿಲ್ಲ.

ಆಫ್ರಿಕಾದವರೇ ಆಡಿದ ಜಗಳ

ನಾವು ಇಲ್ಲಿ ಕೂತು ಅಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ, ಇಂಥ ಕಥೆ ಬರೆಯಬೇಕೋ ಬೇಡವೋ ಎಂದು ಆಫ್ರಿಕಾದ ಲೇಖಕರು 70 ವರ್ಷಗಳಿಂದ ಜಗಳವಾಡುತ್ತಿದ್ದಾರೆ. ತಮಾಷೆ ಎಂದರೆ ಈ ಜಗಳ ಶುರುವಾದದ್ದು ಉಲ್ಟಾ ಕಡೆಯಿಂದ.

ಗಿನಿ ದೇಶದ ಕಮಾರಾ ಲಾಯೆ 1953ರಲ್ಲಿ ಫ್ರೆಂಚಿನಲ್ಲಿ ತನ್ನ ಬಾಲ್ಯದ ಬಗ್ಗೆ 'ಲಾಂಫಾಂ ನ್ವಾರ್' ಎಂಬ ಪುಸ್ತಕ ಬರೆದರು. ಅಪ್ಪ ಚಿನ್ನ ಕರಗಿಸುವ ಅಕ್ಕಸಾಲಿಗ, ಮನೆ ತುಂಬ ಜನ, ಭತ್ತದ ಕೊಯ್ಲು, ಅಜ್ಜಿಯ ಊರು. ಫ್ರಾನ್ಸಿನಲ್ಲಿ ಒಂಟಿಯಾಗಿದ್ದ ಯುವಕನೊಬ್ಬ ಊರು ನೆನೆದು ಬರೆದ ಪುಸ್ತಕ ಅದು. ಕ್ಯಾಮರೂನಿನ ಮೊಂಗೊ ಬೆಟಿ ಕೆಂಡಾಮಂಡಲವಾದರು. ವಸಾಹತು ಆಳ್ವಿಕೆಯಲ್ಲಿ ಜನ ಸಾಯುತ್ತಿರುವಾಗ ಇಷ್ಟು ಚೆಂದದ ಬಾಲ್ಯ ಬರೆಯುವುದೇ, ಫ್ರೆಂಚ್ ಓದುಗರನ್ನು ಖುಷಿಪಡಿಸುವುದಕ್ಕೇ, ಎಂದು ಹರಿಹಾಯ್ದರು.

ಮುಂದೆ 1968ರಲ್ಲಿ ನೈಜೀರಿಯಾದ ಬಿಯಾಫ್ರಾ ಯುದ್ಧದ ಫೋಟೊಗಳು ಬಂದವು. ಹೊಟ್ಟೆ ಊದಿ, ಪಕ್ಕೆಲುಬು ಕಾಣುವ ಮಕ್ಕಳು. 1984ರಲ್ಲಿ ಇಥಿಯೋಪಿಯಾದ ಬರಗಾಲ ಟಿವಿಯಲ್ಲಿ ಬಂತು. ಆಫ್ರಿಕಾದ ಮಗು ಎಂದರೆ ಜಗತ್ತಿನ ಕಣ್ಣಿಗೆ ಒಂದೇ ಚಿತ್ರ ಉಳಿಯಿತು. ಜಗಳವೂ ತಿರುಗಿತು. ಕೀನ್ಯಾದ ಬಿನ್ಯವಾಂಗ ವೈನೈನ 2005ರಲ್ಲಿ 'ಗ್ರಾಂಟಾ' ಪತ್ರಿಕೆಯಲ್ಲಿ ಆಫ್ರಿಕಾದ ಬಗ್ಗೆ ಬರೆಯುವುದು ಹೇಗೆ ಎಂದು ಹೊರಗಿನ ಲೇಖಕರಿಗೆ ವ್ಯಂಗ್ಯದ ಪಾಠ ಹೇಳಿದರು. ಹಸಿದ ಆಫ್ರಿಕನ್ ಒಬ್ಬಳು ಇರಲೇಬೇಕು, ಅವಳಿಗೆ ಇತಿಹಾಸ ಇರಕೂಡದು ಎನ್ನುವ ಧಾಟಿಯ ಸೂಚನೆಗಳು. ರೋಕಿಯಾ ನೆನಪಾಗುತ್ತಾಳೆ.

2011ರಲ್ಲಿ ಜಿಂಬಾಬ್ವೆಯ ನೊವಯೊಲೆಟ್ ಬುಲವಾಯೊ ಅವರ ಕಥೆಗೆ ಕೇನ್ ಪ್ರಶಸ್ತಿ ಬಂತು. ಇದು ಆಫ್ರಿಕಾದ ಇಂಗ್ಲಿಷ್ ಕಥೆಗಳಿಗೆ ಲಂಡನ್ನಿನಿಂದ ಕೊಡುವ ಪ್ರಶಸ್ತಿ. ಆ ಕಥೆ ಬೆಳೆದು 2013ರಲ್ಲಿ 'ವಿ ನೀಡ್ ನ್ಯೂ ನೇಮ್ಸ್' ಕಾದಂಬರಿಯಾಯಿತು, ಬೂಕರ್ ಕಿರುಪಟ್ಟಿಯನ್ನೂ ಮುಟ್ಟಿತು. ತಗಡಿನ ಶೆಡ್ಡುಗಳಲ್ಲಿ ಬದುಕುವ ಮಕ್ಕಳು ಸಿರಿವಂತರ ಬಡಾವಣೆಗೆ ಸೀಬೆಹಣ್ಣು ಕದಿಯಲು ಹೋಗುತ್ತಾರೆ. ಅವರಲ್ಲೊಬ್ಬಳು ಹನ್ನೊಂದು ವರ್ಷದ ಗರ್ಭಿಣಿ. ನೈಜೀರಿಯಾದ ಕಾದಂಬರಿಕಾರ ಹೆಲೊನ್ ಹಬೀಲಾ 'ಗಾರ್ಡಿಯನ್' ಪತ್ರಿಕೆಯಲ್ಲಿ ವಿಮರ್ಶೆ ಬರೆದು ಈ ಶೈಲಿಯನ್ನು ಟೀಕಿಸಿದರು. ಪಶ್ಚಿಮದ ಟಿವಿ ತೋರಿಸುವ ಬಡತನವನ್ನೇ ಪುಟಗಳ ಮೇಲೆ ಅಭಿನಯಿಸಿ ತೋರಿಸಿದಂತಿದೆ ಎನ್ನುವುದು ಅವರ ತಕರಾರಿನ ಸಾರ. ಹಬೀಲಾ ಕೂಡ 2001ರಲ್ಲಿ ಇದೇ ಕೇನ್ ಪ್ರಶಸ್ತಿ ಪಡೆದವರು. ಮರುವರ್ಷ ಪಡೆದವರು ವೈನೈನ. ಅಂದರೆ ಈ ಜಗಳ ಮನೆಯೊಳಗಿನದು.

ಹಬೀಲಾ ಮಾತಿನಲ್ಲಿ ಹುರುಳಿದೆ. ಲಂಡನ್ ಮತ್ತು ನ್ಯೂಯಾರ್ಕಿನ ಪ್ರಕಾಶಕರು ಏನು ಕೊಳ್ಳುತ್ತಾರೋ ಅದೇ ಬೆಂಗಳೂರಿನ ಪುಸ್ತಕದಂಗಡಿಗೂ ಬರುವುದು. ನೈಜೀರಿಯಾದ ಮಧ್ಯಮವರ್ಗದ ಮಗುವೊಂದು ಪರೀಕ್ಷೆಗೆ ಹೆದರುವ ಕಥೆ ನಮ್ಮ ತನಕ ಬರುವ ಸಂಭವ ಕಮ್ಮಿ. ಆದರೆ ಬುಲವಾಯೊ ವಿಷಯದಲ್ಲಿ ನಾನು ಹಬೀಲಾ ಕಡೆ ಇಲ್ಲ. ಈ ಕಾದಂಬರಿಯ ಮಕ್ಕಳು ಸುಮ್ನೆ ನರಳುತ್ತ ಕೂರುವುದಿಲ್ಲ. ದೇಶ ದೇಶದ ಆಟ ಆಡುತ್ತಾರೆ. ಎಲ್ಲರಿಗೂ ಅಮೆರಿಕವೇ ಆಗಬೇಕು, ಕಾಂಗೊ, ಸೊಮಾಲಿಯಾ ಆಗಲು ಯಾರೂ ಒಪ್ಪುವುದಿಲ್ಲ. ನೆರವು ಸಂಸ್ಥೆಯ ಲಾರಿ ಬರುವ ಒಂದು ಸನ್ನಿವೇಶವಂತೂ ಹಬೀಲಾ ಮಾತಿಗೆ ಕಾದಂಬರಿಯೇ ಮುಂಚಿತವಾಗಿ ಕೊಟ್ಟ ಉತ್ತರ. ಕ್ಯಾಮೆರಾ ಹಿಡಿದ ಮನುಷ್ಯ ಮಕ್ಕಳ ಫೋಟೊ ತೆಗೆಯುತ್ತಾನೆ. ಹರಿದ ಬಟ್ಟೆ, ಕೊಳಕು ಮೈ ಎಂದು ಮಕ್ಕಳಿಗೆ ನಾಚಿಕೆ. ಆದರೂ ಸಹಿಸಿಕೊಂಡು ನಿಲ್ಲುತ್ತಾರೆ. ಫೋಟೊ ಮುಗಿದರೆ ತಾನೇ ಉಡುಗೊರೆ ಸಿಗುವುದು! ಬಸುರಿ ಹುಡುಗಿಯ ಹೊಟ್ಟೆ ಕಂಡಾಗ ಆ ಕ್ಯಾಮೆರಾ ನಿಲ್ಲುವುದೇ ಇಲ್ಲ. ಅಲ್ಲಿಯ ತನಕ ಮಕ್ಕಳನ್ನು ನೋಡುತ್ತಿದ್ದ ಓದುಗನನ್ನು ಈಗ ಮಕ್ಕಳು ನೋಡುತ್ತಾರೆ. ಈ ಬಡಾವಣೆಯ ಹಿಂದೆ ನಿಜವಾದ ಇತಿಹಾಸವೂ ಇದೆ. 2005ರಲ್ಲಿ ಜಿಂಬಾಬ್ವೆ ಸರ್ಕಾರ ಬುಲ್‌ಡೋಜರ್ ಹರಿಸಿ ಬಡವರ ಮನೆಗಳನ್ನು ಕೆಡವಿತು. ಸುಮಾರು 7 ಲಕ್ಷ ಜನ ಮನೆಯನ್ನೋ ದುಡಿಮೆಯನ್ನೋ ಎರಡನ್ನೂ ಸೇರಿಸಿಯೋ ಕಳೆದುಕೊಂಡರು ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತು.

ಇನ್ನೊಬ್ಬ ಲೇಖಕರನ್ನು ಹೇಳದೆ ಮುಂದೆ ಹೋಗಲಾರೆ. ಐವರಿ ಕೋಸ್ಟ್‌ನ ಅಹ್ಮದು ಕುರುಮಾ. ಜಿಬೂತಿಯ ಮಕ್ಕಳು ಅವರನ್ನು ಕೇಳಿಕೊಂಡರು, ನಮ್ಮ ಕಡೆಯ ಯುದ್ಧಗಳ ಬಗ್ಗೆ ಬರೆಯಿರಿ ಎಂದು. ಬರೆದರು. 2000ದಲ್ಲಿ ಬಂದ ಆ ಫ್ರೆಂಚ್ ಕಾದಂಬರಿಯ ಅರ್ಪಣೆಯೇ ಜಿಬೂತಿಯ ಮಕ್ಕಳಿಗೆ. ನಿಮ್ಮ ಕೋರಿಕೆಯಿಂದಲೇ ಈ ಪುಸ್ತಕ ಬರೆದದ್ದು ಎಂದು ಅದರಲ್ಲಿದೆ. ಫ್ರಾನ್ಸಿನ ರೆನೊಡೊ ಪ್ರಶಸ್ತಿ ಬಂತು. ಅದೇ ವರ್ಷ ಅಲ್ಲಿನ ಪ್ರೌಢಶಾಲೆ ವಿದ್ಯಾರ್ಥಿಗಳು ಆರಿಸುವ ಗೊಂಕೂರ್ ಪ್ರಶಸ್ತಿಯೂ ಬಂತು. ಅಂದರೆ ಮಕ್ಕಳು ಕೇಳಿ ಬರೆಸಿದ್ದನ್ನು ಹುಡುಗರು ಓದಿ ಮೆಚ್ಚಿದರು.

ಕಥೆ ಹೇಳುವವನು ಬಿರಹಿಮಾ. ವಯಸ್ಸು ಹತ್ತೋ ಹನ್ನೆರಡೋ, ಅವನಿಗೇ ಗೊತ್ತಿಲ್ಲ. ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಯುದ್ಧಗಳಲ್ಲಿ ಬಂದೂಕು ಹಿಡಿದವನು. ಬಾಯಿ ಬಿಟ್ಟರೆ ಬೈಗುಳ. ನಾಲ್ಕು ನಿಘಂಟು ಪಕ್ಕದಲ್ಲಿಟ್ಟುಕೊಂಡು ಪದಗಳಿಗೆ ಅರ್ಥ ಹೇಳುತ್ತ, ನಗಿಸುತ್ತ, ತಾನು ಕೊಂದದ್ದನ್ನೂ ಹೇಳುತ್ತಾನೆ. ನಾನೇನು ಮುದ್ದಾದ ಹುಡುಗನಲ್ಲ ಎಂದು ಶುರುವಿನಲ್ಲೇ ಎಚ್ಚರಿಸುತ್ತಾನೆ. ಅವನ ಮುಂದೆ 'ಅಯ್ಯೋ ಪಾಪ' ಎನ್ನಲು ಬಾಯಿ ಬರುವುದಿಲ್ಲ. ಛೀ ಎನ್ನಲೂ ಬರುವುದಿಲ್ಲ. ಅವನ ಕೈಯಲ್ಲಿ ಬಂದೂಕು ಇಟ್ಟದ್ದು ಯಾರು ಎಂದು ಕೇಳಲೇಬೇಕಾಗುತ್ತದೆ. ಉತ್ತರವೂ ಪುಸ್ತಕದಲ್ಲಿದೆ. ಸೇನಾ ನಾಯಕರನ್ನು ಅವರವರ ನಿಜವಾದ ಹೆಸರಿನಿಂದಲೇ ಕರೆಯುತ್ತಾರೆ ಕುರುಮಾ.

ನಾವು ಎಲ್ಲಿ ಕೂತು ಓದುತ್ತೇವೆ

ಈ ಚರ್ಚೆಯಲ್ಲಿ ಓದುಗ ಎಂದರೆ ಯಾವಾಗಲೂ ಯುರೋಪ್, ಅಮೆರಿಕದವನು. ಕನ್ನಡದ ಓದುಗರು ಆ ಕುರ್ಚಿಯಲ್ಲಿ ಇಲ್ಲ. ನೈರೋಬಿಯ ಕೂಸನ್ನು ಭಿಕ್ಷೆಗೆ ಬಳಸುವುದನ್ನು ಓದಿದಾಗ ನಮಗೆ ಬೆಂಗಳೂರಿನ ಸಿಗ್ನಲ್ ಕಾಣುತ್ತದೆ. ಅದಕ್ಕಾಗಿ ನಕ್ಷೆ ನೋಡಬೇಕಿಲ್ಲ.

ನಮಗೆ ಹಬೀಲಾ ಸಿಟ್ಟೂ ಚೆನ್ನಾಗಿ ಗೊತ್ತಿರಬೇಕಿತ್ತು. ರಾಜ್ಯಸಭೆಯ ಸದಸ್ಯೆಯಾಗಿದ್ದ ನಟಿ ನರ್ಗಿಸ್ 1980ರ ಸುಮಾರಿಗೆ ಸತ್ಯಜಿತ್ ರಾಯ್ ಮೇಲೆ ಇದೇ ಆರೋಪ ಹೊರಿಸಿದ್ದರು. ಭಾರತದ ಬಡತನವನ್ನು ಹೊರದೇಶಕ್ಕೆ ಮಾರುತ್ತಿದ್ದಾರೆ ಎಂದು. ರಾಯ್ ಅವರ 'ಪಥೇರ್ ಪಾಂಚಾಲಿ' ಸಿನಿಮಾದಲ್ಲಿ ಮಳೆಯಲ್ಲಿ ನೆನೆದು ಜ್ವರ ಬಂದು ಸಾಯುವ ದುರ್ಗಾ ಕೂಡ ಒಂದು ಮಗುವೇ ಅಲ್ವಾ? 2009ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್'ಗೆ ಆಸ್ಕರ್ ಬಂದಾಗಲೂ ಇಲ್ಲಿ ಅನೇಕರಿಗೆ ಉರಿದಿತ್ತು. ಮುಂಬೈ ಕೊಳೆಗೇರಿಯನ್ನು ತೋರಿಸಿದರೆ 'ಭಾರತ ಅಂದರೆ ಇಷ್ಟೇನಾ' ಎಂದು ಕೇಳುವ ನಾವು ನೈರೋಬಿ ಕಥೆ ಓದಿ ಆಫ್ರಿಕಾ ಅಂದರೆ ಹೀಗೇ ಎಂದು ಒಪ್ಪಿಕೊಂಡುಬಿಡುತ್ತೇವೆ. 54 ದೇಶಗಳ ಖಂಡ ಅದು.

ಇದಕ್ಕೊಂದು ಕೆಟ್ಟ ಮಗ್ಗುಲೂ ಇದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ಕಡೆ ಕಾರು ಹಾಯ್ದು ಮಹಿಳೆಯೊಬ್ಬರು ಸತ್ತರು. ಕಾರು ಓಡಿಸುತ್ತಿದ್ದವನು ಸುಡಾನಿನವನು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಗೆ ಗುಂಪು ಹೊಡೆಯಿತು, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಅವಳಿಗೂ ಆ ಅಪಘಾತಕ್ಕೂ ಏನೂ ಸಂಬಂಧ ಇರಲಿಲ್ಲ. ಹೊಡೆದವರು ಅಕ್ಪಾನ್ ಓದಿದ್ದರೆ ಹೊಡೆಯುತ್ತಿರಲಿಲ್ಲ ಎಂದು ಹೇಳುವಷ್ಟು ಪೆದ್ದ ನಾನಲ್ಲ. ಆದರೆ ಪುಸ್ತಕದ ಹಸಿದ ಮಗುವಿಗೆ ಕಣ್ಣೀರು ಹಾಕಿ, ಅದೇ ಖಂಡದಿಂದ ಫೀಸ್ ಕಟ್ಟಿ ಓದಲು ಬಂದ ಹುಡುಗಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುವವರು ಇದ್ದೇ ಇದ್ದಾರೆ. ಹಸಿದವರ ಮೇಲೆ ಮರುಕ ಸುಲಭ. ಅವರು ನಮ್ಮ ಎದುರು ಮನೆಗೆ ಬರುವುದಿಲ್ಲ.

ಈಗ ಯಂತ್ರಗಳೂ ಈ ಚಿತ್ರವನ್ನು ಕಲಿತಿವೆ. 2023ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಒಂದು ವರದಿ ಬಂತು. ಸಂಶೋಧಕರು ಎಐ ಚಿತ್ರ ತಂತ್ರಾಂಶವೊಂದಕ್ಕೆ ಕಪ್ಪು ಆಫ್ರಿಕನ್ ವೈದ್ಯರು ನರಳುತ್ತಿರುವ ಬಿಳಿಯ ಮಕ್ಕಳಿಗೆ ಚಿಕಿತ್ಸೆ ಕೊಡುವ ಚಿತ್ರ ಮಾಡು ಎಂದರು. ಎಷ್ಟು ಸಲ ಕೇಳಿದರೂ ಮಕ್ಕಳು ಬಹುತೇಕ ಕಪ್ಪಾಗಿಯೇ ಬಂದರು. ನರಳುವ ಮಗು ಎಂದರೆ ಇಂಥದ್ದೇ ಎಂದು ಅದಕ್ಕೆ ನಾವೇ ಹೇಳಿಕೊಟ್ಟಾಗಿದೆ.

ಇನ್ನೊಂದು ಎಚ್ಚರ. ಕಥೆ ಯಾವಾಗಲೂ ತಡವಾಗಿ ಬರುತ್ತದೆ. ಬಿಯಾಫ್ರಾ ಯುದ್ಧ ಮುಗಿದದ್ದು 1970ರಲ್ಲಿ. ನೈಜೀರಿಯಾದ ಲೇಖಕಿ ಚಿಮಮಾಂಡ ಅಡೀಚಿ ಹುಟ್ಟಿದ್ದು 1977ರಲ್ಲಿ, ಆ ಯುದ್ಧದ ಬಗ್ಗೆ ಅವರ ಕಾದಂಬರಿ ಬಂದದ್ದು 2006ರಲ್ಲಿ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. 1 ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. 2024ರ ಆಗಸ್ಟ್‌ನಲ್ಲಿ ಜಮ್ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಎಂದು ತಜ್ಞರು ದೃಢಪಡಿಸಿದರು. ಆ ಮಕ್ಕಳಲ್ಲಿ ಬದುಕಿ ಉಳಿದವರು ಬರೆಯುವ ಕಾದಂಬರಿಗೆ ಕಾಯುತ್ತ ಕೂರಬಾರದು. ಅವರ ಬಗ್ಗೆ ಈಗ ಇರುವುದು ಒಣ ಅಂಕಿಗಳ ವರದಿ ಮಾತ್ರ. ರೋಕಿಯಾ ಪ್ರಯೋಗದ ಪ್ರಕಾರ ಅಂಥ ವರದಿ ನಮ್ಮ ಮನಸ್ಸು ಕರಗಿಸುವುದಿಲ್ಲ. ಕರಗದಿದ್ದರೂ ಓದಬೇಕು.

ಈ ಪುಸ್ತಕಗಳನ್ನು ಹೇಗೆ ಓದಬೇಕು ಎಂದು ಕೇಳಿದರೆ ನನ್ನ ಸಲಹೆ ಸರಳ. ಒಟ್ಟಿಗೆ ಓದಬೇಡಿ. ಒಂದು ಕಥೆ ಓದಿ, ಆ ದೇಶದಲ್ಲಿ ಆ ವರ್ಷ ಏನಾಗಿತ್ತು ಎಂದು ಹುಡುಕಿ ನೋಡಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಕಮಾರಾ ಲಾಯೆ ಪುಸ್ತಕ ಇಂಗ್ಲಿಷಿನಲ್ಲಿ ಸಿಗುತ್ತದೆ, ಮೊಂಗೊ ಬೆಟಿ ಬೈದರೆ ಬೈಯಲಿ, ಮೊದಲು ಅದನ್ನು ಓದಿ. ಆ ಖಂಡದಲ್ಲಿ ಮಕ್ಕಳು ಸುಖವಾಗಿಯೂ ಬೆಳೆಯುತ್ತಾರೆ ಎಂದು ಗೊತ್ತಿದ್ದರೇ ಕೊಚಿಕ್ಪಾ ಕಳೆದುಕೊಂಡದ್ದು ಏನು ಎಂದು ತಿಳಿಯುವುದು. ಅಕ್ಪಾನ್ ಪುಸ್ತಕದಲ್ಲಿ ಇಥಿಯೋಪಿಯಾದ ಗೆಳತಿಯರಿಂದ ಶುರು ಮಾಡಿ. ಹೈಸ್ಕೂಲು ಮಕ್ಕಳಿಗೂ ಅದನ್ನು ಧೈರ್ಯವಾಗಿ ಕೊಡಬಹುದು, ಉಳಿದ ನಾಲ್ಕನ್ನು ಕೊಡಬೇಡಿ. ರುವಾಂಡಾದ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅಪ್ಪ ಹುಟು ಜನಾಂಗ, ಅಮ್ಮ ಟುಟ್ಸಿ, ನಡುವೆ ಒಂಬತ್ತು ವರ್ಷದ ಹುಡುಗಿ, ಟುಟ್ಸಿಗಳ ನರಮೇಧ ನಡೆದ 1994. ಅದನ್ನು ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಯಾರಾದರೂ ಇರುವಾಗ ಓದಿ.